ಮಿಂಚುಗೋಲಿನ ಮುಂದೆ ಬರಿಗೈ

“ಕೇಳ್ರಪ್ಪೋ ಕೇಳ್ರಿ! ಬಿಳಿಗಲ್ಲು ಕೋಟೆಯ ದೊರೆ ಮುದ್ದರಾಯರ ಅಪ್ಪಣೆ! ಅವರ ಮಗಳು ಅಮ್ಮಣ್ಣಿ ಚೆಲುವಾಂಬೆಯವರು ಮೂರು ಒಗಟು ಹಾಕ್ತಾರೆ. ಒಡೆದವನೇ ಊರಿಗೆ ಕೋತವಾಲ. ತಳವಾರರಿಗೆಲ್ಲ ಮಿಂಚುಗೋಲು ಕೊಡಬೇಕೋ ಬೇಡವೋ ಅನ್ನೋದು ಅವನ ತೀರ್ಪು. ತಪ್ಪಿದವನಿಗೆ ಅದೇ ಕೋಲಿನ ರುಚಿ!”

ಹೀಗೆ ಡಂಗುರ ಬಿದ್ದದ್ದೇ ತಡ, ಊರೆಲ್ಲ ಅದೇ ಮಾತು. ಮಿಂಚುಗೋಲು ಎಂದರೆ ಏನು ಅಂತೀರಾ? ಕಡಲಾಚೆಯ ಮಾಟಗಾರನೊಬ್ಬ ದೊರೆಗೆ ಕೊಟ್ಟ ಕಾಣಿಕೆ. ಸದ್ಯಕ್ಕೆ ಕೋಟೆಯ ಕೆಲವು ಕಾವಲಿನವರ ಕೈಯಲ್ಲಿ ಮಾತ್ರ ಇತ್ತು. ಮುಟ್ಟಿಸಿದರೆ ಸಾಕು, ಎಂಥ ಜಟ್ಟಿಯೂ ಗಡಗಡ ನಡುಗಿ ನೆಲಕ್ಕೆ ಬೀಳುತ್ತಿದ್ದ. ರಕ್ತವಿಲ್ಲ, ಗಾಯವಿಲ್ಲ, ಸ್ವಲ್ಪ ಹೊತ್ತಿಗೆ ಎದ್ದು ಕೂರುತ್ತಿದ್ದ. ತಳವಾರರ ಕತ್ತಿಗೆ ಜನ ಸಾಯುವುದನ್ನು ನೋಡಿ ನೋಡಿ ನೊಂದಿದ್ದ ದೊರೆಗೆ ಅದು ದೇವರು ಕೊಟ್ಟ ವರವೇ ಅನ್ನಿಸಿತ್ತು. ದೊರೆಯ ಮನಸ್ಸು ಒಳ್ಳೆಯದೇ, ಇಲ್ಲ ಅನ್ನಲಾರೆ.

ಆದರೆ ಆ ಡಂಗುರ ಹೊನ್ನೂರನಿಗೆ ಹಿಡಿಸಲಿಲ್ಲ. ಅವನು ತಳವಾರರಲ್ಲಿ ತೀರ ಹೊಸಬ. ಅವನ ಅಣ್ಣ ಜಡೆಯ, ಕೋಟೆಯ ದೀಪಗಳಿಗೆ ಎಣ್ಣೆ ಹೊಯ್ಯುವವನು, ಹುಟ್ಟು ಕಿವುಡ. ಆ ಕೋಟೆಯಲ್ಲೊಂದು ಕಟ್ಟಳೆ ಇತ್ತು: ಸಂಜೆಯ ಕಾವಲಿನವನು ಮೂರು ಸಲ “ಯಾರಲ್ಲಿ?” ಎಂದು ಕೂಗಬೇಕು, ಉತ್ತರ ಕೊಡದವನು ಕಳ್ಳ. ಪರ ಊರಿನಿಂದ ಬಂದ ಕಾವಲಿನವನೊಬ್ಬ ಮೂರು ಸಲ ಕೂಗಿ, ಜಡೆಯನ ಬೆನ್ನಿಗೆ ಮಿಂಚುಗೋಲು ಮುಟ್ಟಿಸಿಯೇ ಬಿಟ್ಟಿದ್ದ. ಇನ್ನೊಂದು ಸಲ ಮುಟ್ಟಿಸಿದರೆ ಈ ಜೀವ ಉಳಿಯಲಿಕ್ಕಿಲ್ಲ ಎಂದಿದ್ದರು ವೈದ್ಯರು. ಇನ್ನು ಎಲ್ಲರ ಸೊಂಟದಲ್ಲೂ ಅದೇ ಕೋಲು ಬಂದರೆ ಅಣ್ಣನ ಗತಿಯೇನು? ಹೊನ್ನೂರ ರುಮಾಲು ಸುತ್ತಿಕೊಂಡು ಅರಮನೆಗೆ ನಡೆದ.

ಸಭೆಯಲ್ಲಿ ಅಮ್ಮಣ್ಣಿ ಮೊದಲ ಒಗಟು ಹಾಕಿದಳು: “ಕೋಲು ತಾಗಿ ಬಿದ್ದವನು ಎದ್ದು ಮನೆಗೆ ಹೋಗ್ತಾನೆ. ಮೈಮೇಲೆ ಒಂದು ಗೀರೂ ಇಲ್ಲ. ಆದರೂ ಅವನ ಜೊತೆ ಮನೆ ಹೊಕ್ಕಿದ್ದು ಯಾವುದು?”

ದಳವಾಯಿಯ ಮಗ ಮೀಸೆ ತಿರುವಿ, “ನೆರಳು!” ಎಂದ. ಕೋಲು ತಾಗಿತು. ಮೀಸೆಯ ಸಮೇತ ಮಣ್ಣು ಮುಕ್ಕಿದ, ಪಾಪ.

ಮಂತ್ರಿಯ ಅಳಿಯ ಮುಂದೆ ಬಂದು ದೊರೆಗೆ ಕೈಮುಗಿದು, “ಪ್ರಾಣ ಉಳಿಸಿದ ತಮ್ಮ ದಯೆ, ಮಹಾಸ್ವಾಮಿ” ಎಂದ. ದೊರೆಯ ಮುಖ ಅರಳಿತು. ಅಮ್ಮಣ್ಣಿ ಮಾತ್ರ ತಲೆಯಾಡಿಸಿದಳು. ಬೆಣ್ಣೆ ಹಚ್ಚಿದ್ದೂ ದಂಡವಾಗಿ ಅವನೂ ನೆಲ ಕಂಡ. ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಬಾಗಿಲ ಕಡೆ ಜಾರಿದರು.

ಹೊನ್ನೂರ ಎದ್ದು ನಿಂತ. “ಹೆದರಿಕೆ, ತಾಯೀ. ನಮ್ಮಣ್ಣ ಈಗಲೂ ನಿದ್ದೇಲಿ ಬೆಚ್ಚಿ ಬೀಳ್ತಾನೆ.”

“ಸರಿ. ಇನ್ನು ಎರಡನೆಯದು: ಆಯುಧ ಸೊಂಟಕ್ಕೆ ಬಂದ ದಿನದಿಂದ ಬುದ್ಧಿಗಿಂತ ಮೊದಲು ಏಳೋದು ಯಾವುದು?”

“ಕೈ, ತಾಯೀ. ಕತ್ತಿ ಎತ್ತೋಕೆ ನಾವು ಹಿಂದೆ ಮುಂದೆ ನೋಡ್ತೀವಿ, ಪ್ರಾಣ ಹೋಗುತ್ತಲ್ಲ ಅಂತ. ಇದರಿಂದ ಯಾರೂ ಸಾಯಲ್ಲ ಅಂದುಬಿಟ್ರೆ ಕೈಗೆ ತಡೆ ಎಲ್ಲಿ?”

ದೊರೆಯ ಹುಬ್ಬು ಗಂಟಾಯಿತು. ಅಮ್ಮಣ್ಣಿ ಕೊನೆಯದನ್ನು ಕೇಳಿದಳು: “ಕೋಲಿಗಿಂತ ಮೊದಲು ಹೋಗಬೇಕಾದ್ದು, ಬಡವ ಬಲ್ಲಿದ ಎನ್ನದೆ ಎಲ್ಲರನ್ನೂ ಮುಟ್ಟಬೇಕಾದ್ದು ಯಾವುದು?”

ಮಾತು! ಸಭೆಗೆಲ್ಲ ಗೊತ್ತಾಗಿಹೋಯಿತು. ಹೊನ್ನೂರನಿಗೂ ನಾಲಿಗೆಯ ತುದಿಗೇ ಬಂತು. ಹೇಳಿದರೆ ಗೆದ್ದ. ಆದರೆ ಆ ಮೂರು ಕೂಗು ಅವನ ಕಿವಿಯಲ್ಲಿ ಮೊಳಗಿತು. ಮಾತು ಅಣ್ಣನನ್ನು ಯಾವತ್ತು ಮುಟ್ಟಿತ್ತು?

“ಬರಿಗೈ, ತಾಯೀ” ಎಂದ.

“ತಪ್ಪು!” ಎಂದು ದೊರೆ ಎದ್ದೇಬಿಟ್ಟ. “ಮಾತು ಅನ್ನೋದು ಉತ್ತರ. ಅಲ್ವೇನಮ್ಮಾ?”

ಅಮ್ಮಣ್ಣಿ ಮೆಲ್ಲಗೆ ಹೌದೆಂದಳು.

“ಬುದ್ಧೀ, ಏಟು ತಿಂತೀನಿ. ಅದಕ್ಕೂ ಮುಂಚೆ, ಅಗೋ ದೀಪಕ್ಕೆ ಎಣ್ಣೆ ಹೊಯ್ತಿದಾನಲ್ಲ, ಅವನನ್ನ ಮಾತಿನಿಂದ ನಿಲ್ಲಿಸಿ ನೋಡಿ.”

“ಏಯ್, ನಿಲ್ಲೋ!” ಎಂದು ದೊರೆ ಗುಡುಗಿದ. ಜಡೆಯ ಬೆನ್ನು ತಿರುಗಿಸಿಕೊಂಡು ಮುಂದಿನ ದೀಪಕ್ಕೆ ನಡೆದ. “ನಿಲ್ಲು ಅಂದೆ!” ಅವನು ನಡೆಯುತ್ತಲೇ ಇದ್ದ. ದೊರೆ ಇನ್ನೂ ಅಪ್ಪಣೆ ಕೊಟ್ಟಿರಲಿಲ್ಲ. ಪಕ್ಕದ ಕಾವಲಿನವನ ಕೈ ಆಗಲೇ ಮಿಂಚುಗೋಲಿನ ಮೇಲಿತ್ತು, ಕಾಲು ಆಗಲೇ ಓಡುತ್ತಿತ್ತು. ಎರಡನೆಯ ಒಗಟು ಎಲ್ಲರ ಕಣ್ಣೆದುರೇ ಬಿಚ್ಚಿಕೊಂಡಿತು.

ಹೊನ್ನೂರ ಬಿದ್ದಂಬೀಳ ಓಡಿದ. ಕೋಲಿಗೂ ಅಣ್ಣನಿಗೂ ನಡುವೆ ನುಗ್ಗಿ, ಅಣ್ಣನ ಮುಂದೆ ಬಂದು, ಅಂಗೈ ಬಿಚ್ಚಿ ಮೇಲೆತ್ತಿದ. ಜಡೆಯ ತಟ್ಟನೆ ನಿಂತ. ತಮ್ಮನ ಮುಖ ನೋಡಿ ನಕ್ಕ. ಎಣ್ಣೆ ಕುಡಿಕೆ ಕೆಳಗಿಟ್ಟು ತಾನೂ ಅಂಗೈ ಎತ್ತಿದ. ಕಾವಲಿನವನ ಕೋಲು ಮೆಲ್ಲಗೆ ಇಳಿಯಿತು.

ಅಮ್ಮಣ್ಣಿಯ ಕಣ್ಣು ತುಂಬಿತ್ತು. “ಅಪ್ಪಾಜಿ, ಒಗಟು ನನ್ನದು. ಆದರೆ ಉತ್ತರ ಅವನದೇ ಸರಿ.”

ದೊರೆ ಕೆಳಗಿಳಿದು ಬಂದ. ಆಮೇಲೆ ಕೋತವಾಲನ ರುಮಾಲನ್ನು ತನ್ನ ಕೈಯಾರೆ ಹೊನ್ನೂರನಿಗೆ ಸುತ್ತಿ, “ಈಗ ತೀರ್ಪು ಹೇಳಪ್ಪ” ಎಂದ.

“ಕೋಲು ಇರಲಿ ಬುದ್ಧೀ. ಹುಚ್ಚೆದ್ದು ಮಚ್ಚು ಬೀಸೋನ ಮುಂದೆ ಕತ್ತಿಗಿಂತ ಅದೇ ವಾಸಿ. ಆದರೆ ಎಲ್ಲರ ಸೊಂಟಕ್ಕೂ ಬೇಡ. ಇಬ್ಬರು ತಳವಾರರು ಜೊತೇಲಿ ಹೋಗಲಿ. ಕೋಲಿನವನು ಹಿಂದೆ, ಬರಿಗೈಯವನು ಮುಂದೆ. ಕೋಲು ಹಿಡಿಯೋನು ಮೊದಲು ತಾನೇ ಒಂದು ಸಲ ಅದರ ರುಚಿ ನೋಡಲಿ.”

ಅಮ್ಮಣ್ಣಿಗೂ ಅವನಿಗೂ ಮದುವೆಯಾಯಿತೇ ಅಂತ ಕೇಳಬೇಡಿ. ಅವನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅವನು ಬೇಡಿದ್ದು ಒಂದೇ, ಆ ಹಳೆಯ ಕಟ್ಟಳೆ ಅಳಿಯಲಿ ಎಂದು. ಅವತ್ತಿನಿಂದ ಬಿಳಿಗಲ್ಲು ಕೋಟೆಯಲ್ಲಿ “ಯಾರಲ್ಲಿ?” ಎಂಬ ಕೂಗು ನಿಂತಿತು. ಸಂಜೆಯಾದರೆ ಕಾವಲಿನವನು ಎದುರಿಗೆ ಬಂದು ಅಂಗೈ ಎತ್ತುತ್ತಿದ್ದ. ಎಣ್ಣೆ ಮೆತ್ತಿದ ಒಂದು ಅಂಗೈ ಎಲ್ಲರಿಗಿಂತ ಮೊದಲು ಮೇಲೇಳುತ್ತಿತ್ತು.