ಬುಡನ್ ಮೇಸ್ತ್ರಿ ಕೇಳಿದ ಸದ್ದು

ಬಲು ಹಿಂದೆ, ಕಣಿವೆಯ ಬುಡದಲ್ಲಿ ಒಂದು ಊರಿತ್ತು. ಎಷ್ಟು ಹಿಂದೆ ಅಂತ ನನ್ನ ಜೀವ ತಿನ್ನಬೇಡಿ. ಊರಿಗೆಲ್ಲ ಒಂದೇ ಒಂದು ಬಾಡಿಗೆ ಕಾರಿತ್ತು, ಅಷ್ಟು ಹಿಂದೆ. ಆ ಊರಲ್ಲಿ ಬುಡನ್ ಸಾಬ್ ಅಂತ ಒಬ್ಬ ಮೇಸ್ತ್ರಿ ಇದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದ ಅಂದರೆ, ಒಳಗಿನ ರೋಗ ಹೇಳಿಬಿಡುತ್ತಿದ್ದನಂತೆ. ಕಣಿವೆ ಇಳಿಯುತ್ತಿದ್ದ ಲಾರಿಯ ಸದ್ದನ್ನು ಚಹಾದಂಗಡಿಯಲ್ಲೇ ಕೂತು ಕೇಳಿ, ಮೂರನೇ ಸಿಲಿಂಡರು ಹೋಗಿದೆ ಅನ್ನುತ್ತಿದ್ದನಂತೆ. ಅವನ ಹೆಜ್ಜೆ ಸದ್ದಿಗೇ ಕೆಟ್ಟ ಇಂಜಿನ್ನು ತಾನಾಗಿ ಸ್ಟಾರ್ಟ್ ಆಗುತ್ತಿತ್ತು ಅಂತಲೂ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಊರ ಬಾಯಿಯನ್ನು ಹಿಡಿಯುವವರು ಯಾರು?

ಒಮ್ಮೆ ಕಟ್ಟಿದ ಇಂಜಿನ್ನನ್ನು ಅವನು ಎರಡನೇ ಸಲ ಬಿಚ್ಚಿದ್ದೇ ಇಲ್ಲ ಅಂತ ಹೆಸರಾಯಿತು. ನನ್ನನ್ನು ಕೇಳಿದರೆ, ಆ ಹೆಸರೇ ಅವನನ್ನು ತಿಂದಿತು.

ಆ ಬಾಡಿಗೆ ಕಾರು ಓಬಳೇಶನದು. ಅವನ ಹೆಂಡತಿ ಕಾಟಮ್ಮನಿಗೆ ಆಗ ತುಂಬಿದ ಒಂಬತ್ತು ತಿಂಗಳು. ಆಸ್ಪತ್ರೆ ಇದ್ದದ್ದು ಕಣಿವೆಯ ಆಚೆ. ನಡುದಾರಿಯಲ್ಲಿ ಬೆಲ್ಟು ಹರಿದರೆ ಏನು ಗತಿ ಅಂತ ಹೆದರಿ, ಹಳೆಯ ಟೈಮಿಂಗ್ ಬೆಲ್ಟು ತೆಗೆಸಿ ಹೊಸದು ಹಾಕಿಸಲು ಅವನು ಕಾರು ತಂದ. ಇಂಜಿನ್ನಿನ ಮೇಲಿನ ಚಕ್ರ, ಕೆಳಗಿನ ಚಕ್ರ ಎರಡನ್ನೂ ಒಂದೇ ತಾಳಕ್ಕೆ ತಿರುಗಿಸುವ ಹಲ್ಲಿನ ಪಟ್ಟಿ ಅದು. ಒಂದು ಹಲ್ಲು ಆಚೀಚೆ ಆದರೂ ತಾಳ ತಪ್ಪುತ್ತದೆ.

ಮೇಸ್ತ್ರಿ ಚಕ್ರಗಳ ಮೇಲಿನ ಗುರುತಿಗೆ ಗುರುತು ಕೂಡಿಸಿ ಬೆಲ್ಟು ಹಾಕಿದ. ಸುತ್ತ ಹತ್ತು ಜನ ನೋಡುತ್ತಾ ನಿಂತಿದ್ದರು. ಕೀ ತಿರುಗಿಸಿದಾಗ ಇಂಜಿನ್ನು ಹತ್ತಿಕೊಂಡಿತು, ಆದರೆ ಸಣ್ಣಗೆ ನಡುಗಿತು.

"ಯಾಕೋ ಅದುರ್ತೈತಲ್ಲ ಬುಡನಣ್ಣ?" ಅಂದ ಓಬಳೇಶ.

ಮೇಸ್ತ್ರಿ ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟ. ಬಹಳ ಹೊತ್ತು ಕೊಟ್ಟನಂತೆ. ಆಮೇಲೆ ಎದ್ದು, "ಹೊಸ ಬೆಲ್ಟಲ್ವೇನಪ್ಪ, ನಾಕು ಮೈಲಿ ಓಡಿದ್ರೆ ಸರಿಹೋಗ್ತೈತೆ" ಅಂದ. ನಿಂತಿದ್ದವರೆಲ್ಲ ಹೌದು ಹೌದು ಅಂದರು.

ಮೂರನೇ ದಿನ ಮಟಮಟ ಮಧ್ಯಾಹ್ನ ಕಾಟಮ್ಮನಿಗೆ ನೋವು ಬಂತು. ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ಓಬಳೇಶ ಹೊರಟ. ಮೊದಲ ಏರಿಗೇ ಕಾರಿಗೆ ದಮ್ಮು ಸಾಲಲಿಲ್ಲ. ಎರಡನೇ ತಿರುವಿನಲ್ಲಿ ಕುಂಟಿತು, ಮೂರನೆಯದರಲ್ಲಿ ನಿಂತೇಹೋಯಿತು. ಅವನು ಕೀ ತಿರುಗಿಸಿದ, ತಳ್ಳಿದ, ಇಂಜಿನ್ನಿಗೆ ಕೈಮುಗಿದ. ಮೇಲಿಂದ ಒಂದು ಲಾರಿ ಇಳಿದು ಬರುವ ಹೊತ್ತಿಗೆ ಕಾಟಮ್ಮ ಇರಲಿಲ್ಲ, ಹೊಟ್ಟೆಯಲ್ಲಿದ್ದ ಕೂಸೂ ಇರಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಪೆಟ್ರೋಲು ಸರಿಯಿರಲಿಲ್ಲ ಅಂದರು ಕೆಲವರು. ಹಣೆಬರಹ ಅಂದರು ಉಳಿದವರು. ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಅವನ ಹೆಸರಿಗೆ ಮಸಿ ಹತ್ತುತ್ತಿರಲಿಲ್ಲ. ಆದರೆ ಮಣ್ಣು ಮಾಡಿ ಬಂದ ಮೇಲೆ ಅವನು ಕಾರನ್ನು ಎಳೆಸಿ ತಂದು, ಊರವರ ಎದುರಿಗೇ ಇಂಜಿನ್ನು ಬಿಚ್ಚಿದ. ಬೆಲ್ಟು ಒಂದು ಕಡೆ ಸಡಿಲವಾಗಿ ಉಳಿದಿತ್ತು. ನಿಂತಾಗ ಗುರುತು ಕೂಡಿದ ಹಾಗೆ ಕಂಡರೂ, ಇಂಜಿನ್ನು ತಿರುಗಿದೊಡನೆ ಒಂದು ಹಲ್ಲು ಜಾರಿತ್ತು. ಏರಿನಲ್ಲಿ ಇನ್ನಷ್ಟು ಜಾರಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗಿದ್ದವು. ಬಾಗಿದ್ದೊಂದನ್ನು ಓಬಳೇಶನ ಕೈಯಲ್ಲಿಟ್ಟು ಮೇಸ್ತ್ರಿ ಹೇಳಿದನಂತೆ:

"ಅವತ್ತೇ ನನ್ನ ಕಿವಿಗೆ ಬಿದ್ದಿತ್ತು ಕಣಪ್ಪ. ಜನದ ಮುಂದೆ ಮತ್ತೆ ಬಿಚ್ಚಾಕೆ ನಾಚ್ಕೆ ಆತು."

ಓಬಳೇಶ ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಅಂತ ಮೇಸ್ತ್ರಿ ಸಾಯುವತನಕ ಹೇಳುತ್ತಿದ್ದನಂತೆ. ಆಮೇಲೆ ಅವನು ಬೆಲ್ಟು ಹಾಕಿದೊಡನೆ ಕೀ ಮುಟ್ಟುತ್ತಿರಲಿಲ್ಲ. ಬೋಲ್ಟಿಗೆ ಪಾನಾ ಹಾಕಿ ಕೆಳಗಿನ ಚಕ್ರವನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡಿತೇ ಅಂತ ನೋಡುತ್ತಿದ್ದ. ಕೂಡದಿದ್ದರೆ ಎಲ್ಲರೂ ನೋಡುತ್ತಿರುವಾಗಲೇ ಬಿಚ್ಚುತ್ತಿದ್ದ.

ಕಣಿವೆ ಬುಡದ ಗ್ಯಾರೇಜುಗಳಲ್ಲಿ ಈಗಲೂ ಹಾಗೇ ಮಾಡುತ್ತಾರೆ. ಮೊದಲನೇ ಸುತ್ತಿಗೆ ಕಾಟಮ್ಮನ ಹೆಸರು ಹೇಳುತ್ತಾರೆ. ಎರಡನೇ ಸುತ್ತಿಗೆ ಏನೂ ಹೇಳುವುದಿಲ್ಲ. ಆ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.