ಹೊನ್ನಪ್ಪನ ಫೋನಿನಲ್ಲಿದ್ದವರು

ನಾನು ಹುಟ್ಟಿದಾಗಿನಿಂದ ಒಬ್ಬರ ಹತ್ತಿರವೂ ಸಾಲ ಮಾಡಿದವನಲ್ಲ. ಸುಳ್ಳು ಬಿಡಿ, ಈ ಚಪ್ಪಲಿಯೂ ಕಂತಿನದೇ. ಆದರೆ ಹೊನ್ನಪ್ಪನ ಕತೆ ನಿಜ.

ಹೊನ್ನಪ್ಪ ತುಮಕೂರಿನ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಸಂಬಳವೆಲ್ಲ ಸಾಲಗಳಿಗೇ ಹೋಗುತ್ತಿತ್ತು. ಹೊಟ್ಟೆಪಾಡಿಗೆ ಮೊಬೈಲ್ ಆ್ಯಪಿನಲ್ಲಿ ಸಾಲ. ಸಂಬಳದ ದಿನ ಅದನ್ನು ಬಡ್ಡಿ ಸಮೇತ ತೀರಿಸಿ, ಮರುದಿನ ಮತ್ತೆ ಅಲ್ಲೇ ಸಾಲ. ಈ ಸಲ ಅವನು, "ಹೊಸ ಸಾಲ ಬೇಡ, ಇದನ್ನೇ ಸ್ವಲ್ಪ ಸ್ವಲ್ಪ ಕಟ್ತೀನಿ," ಅಂದುಬಿಟ್ಟ.

ವಸೂಲಿಯವನು ಫೋನಿನಲ್ಲಿ ಗುಡುಗಿದ: "ಪೂರ್ತಿ ಕಟ್ಟು! ಇಲ್ದಿದ್ರೆ ನಿನ್ನ ಫೋನಲ್ಲಿರೋ ಎಲ್ಲರಿಗೂ ಹೇಳಿ ಮಾನ ಕಳೀತೀನಿ."

"ಎಲ್ಲರಿಗೂ ಹೇಳ್ಬೇಕು ಸಾರ್," ಅಂದ ಹೊನ್ನಪ್ಪ, ಸೀರೆ ಮಡಿಸುತ್ತಾ. "ಒಬ್ಬರನ್ನ ಬಿಟ್ರೂ ಬೇಜಾರು ಮಾಡ್ಕೋತಾರೆ. ಮೊದಲು ಹಾಲಿನ ಗೌರಮ್ಮನಿಗೆ ಮಾಡಿ."

ಅವನು ಮಾಡಿದ. "ಅಯ್ಯೋ, ನಂಗೂ ಕೊಡ್ಬೇಕು ಕಣಪ್ಪಾ!" ಅಂದಳು ಗೌರಮ್ಮ. "ತಿಂಗಳಿಗಿಷ್ಟು ಅಂತ ಕೊಡ್ತಾ ಇದಾನೆ. ನೀನೇ ಎಲ್ಲಾ ಬಾಚ್ಕೊಂಡ್ರೆ ನನ್ನ ಗತಿ? ನನ್ನ ಹಿಂದೆ ನಿಂತ್ಕೋ." ದಿನಸಿ ಅಂಗಡಿಯವನು, "ಹೇಗೂ ವಸೂಲಿಗೆ ಹೊರಟಿದೀಯ, ನಂದೂ ತಂದ್ಬಿಡು," ಅಂದ. ಹೊನ್ನಪ್ಪನ ಭಾವನಂತೂ ಸಂಜೆಯವರೆಗೂ ತಾನೇ ಫೋನ್ ಮಾಡಿ ಮಾಡಿ, "ಏನಾಯ್ತಯ್ಯಾ ನನ್ನ ದುಡ್ಡು?" ಎಂದು ವಸೂಲಿಯವನನ್ನೇ ದಬಾಯಿಸಿದ.

ಕೊನೆಗೆ ವಸೂಲಿಯವನು ಹೊನ್ನಪ್ಪನಿಗೆ ಫೋನ್ ಮಾಡಿದ. "ಅಣ್ಣಾ, ಸ್ವಲ್ಪ ಸ್ವಲ್ಪಾನೇ ಕಟ್ಟಿ. ಬಡ್ಡಿ ಬೆಳೆಸಲ್ಲ. ನಿಮ್ಮ ಭಾವನಿಗೆ ಸುಮ್ನಿರೋಕೆ ಹೇಳಿ."

ಆ ತಿಂಗಳು ಸಂಬಳದ ಮರುದಿನವೂ ಹೊನ್ನಪ್ಪನ ಜೇಬಿನಲ್ಲಿ ದುಡ್ಡಿತ್ತು.

ಸರಿ, ಈ ಟೀ ದುಡ್ಡು ನೀವೇ ಕೊಟ್ಟುಬಿಡಿ. ಸಾಲ ಅಂತ ಮಾತ್ರ ಕೊಡಬೇಡಿ. ನಾನು ಸಾಲ ಮಾಡುವವನಲ್ಲ ಅಂತ ಆಗಲೇ ಹೇಳಿದೆನಲ್ಲ.