ದೇವೀರಮ್ಮನ ಬಸ್ಸಾರಿಗೆ ನಿಂತ ಸಾಲು

ಹತ್ತಿರ ಸರಿದು ಕೂತುಕೊಳ್ಳಿ. ನಮ್ಮೂರೂ ಅಲ್ಲದ, ನಿಮ್ಮೂರೂ ಅಲ್ಲದ ಒಂದಾನೊಂದು ಊರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಊರಿನ ಹೆಸರು ಜೊಲ್ಲೂರು. ಅಲ್ಲಿನ ಜನ ಉಣ್ಣುತ್ತಿದ್ದದ್ದು ಸ್ವಲ್ಪ, ಉಂಡದ್ದನ್ನು ಹೇಳಿಕೊಳ್ಳುತ್ತಿದ್ದದ್ದು ಬಹಳ.

ಸಂಜೆಯಾದರೆ ಸಾಕು, ರುಚಿ ಬಲ್ಲವರೆಲ್ಲ ಊರಾಚೆಯ ಹಳೇ ಸುಂಕದ ಕಟ್ಟೆಗೆ ಬಂದು ಸೇರುತ್ತಿದ್ದರು. ಕುಂಬಾರಗೇರಿಯ ತುದಿಯಲ್ಲಿ ಒಬ್ಬಾಕೆ ಖಾಲಿ ದೋಸೆ ಹುಯ್ಯುತ್ತಾಳೆ, ಅದರ ಒಂದೊಂದು ತೂತಿನಲ್ಲೂ ಬೆಣ್ಣೆ ಕೆರೆಯ ಹಾಗೆ ನಿಲ್ಲುತ್ತದೆ ಅಂತ ಒಬ್ಬ ಹೇಳುವನು. ಹೊಳೆ ದಾಟಿದರೆ ಭಟ್ಟರ ಹೋಟೆಲಿದೆ, ಅಲ್ಲಿನ ಗೊಜ್ಜವಲಕ್ಕಿ ತಿಂದವರಿಗೆ ಹೊಳೆ ವಾಪಸು ದಾಟುವ ಮನಸ್ಸೇ ಬರುವುದಿಲ್ಲ ಅಂತ ಇನ್ನೊಬ್ಬ ಹೇಳುವನು. ಸಂತೆಮಾಳದ ಸಾಬರ ಅಂಗಡಿಯ ಕಾಲು ಸಾರಿನ ಮಾತು ಬಂದರಂತೂ ಕಟ್ಟೆಯ ಕಲ್ಲುಗಳೂ ಬಾಯಲ್ಲಿ ನೀರೂರಿ ಒದ್ದೆಯಾಗುತ್ತಿದ್ದವು.

ಆ ಕಟ್ಟೆಗೆ ಒಂದೇ ಕಟ್ಟಳೆ. ಪ್ರತಿಯೊಬ್ಬರೂ ದಿನಕ್ಕೊಂದು ಹೊಸ ಜಾಗ ಹೇಳಬೇಕು. ಹೇಳಲು ಇಲ್ಲದವನು ಆಚೆ ಬದಿಗೆ ಮುಖ ಮಾಡಿ ಕೂರಬೇಕು. ಅವನೊಂದಿಗೆ ಯಾರೂ ಮಾತಾಡುವಂತಿಲ್ಲ.

ಆ ಬಳಗದಲ್ಲಿ ಕರಿಗಿರಯ್ಯ ಅಂತ ಒಬ್ಬನಿದ್ದ. ಬೀದಿ ಬೀದಿ ಸುತ್ತಿ ಬಾಚಣಿಗೆ ಮಾರುವವನು. ಅವನಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಹಗಲೆಲ್ಲ ಅವನ ಜೊತೆ ಮಾತಾಡುತ್ತಿದ್ದವರು ತಲೆ ಕೆದರಿದವರು ಮಾತ್ರ, ಅದೂ ಬಾಚಿಕೊಳ್ಳುವವರೆಗೆ. ಹಾಗಾಗಿ ಸಂಜೆಯ ಆ ಕಟ್ಟೆಯೇ ಅವನಿಗೆ ಮನೆ, ಅಲ್ಲಿನ ಮಾತೇ ಅವನ ಸಂಸಾರ. ತಿರುಗಾಡುವವನಾದ್ದರಿಂದ ಅವನಿಗೆ ಎಲ್ಲರಿಗಿಂತ ಹೆಚ್ಚು ಜಾಗ ಗೊತ್ತಿತ್ತು. ಆದರೆ ಹೇಳಿ ಹೇಳಿ ಅವೂ ಮುಗಿದುಹೋದವು.

ಉಳಿದದ್ದು ಒಂದೇ. ಅದು ದೇವೀರಮ್ಮನ ಊಟದ ಮನೆ.

ದೇವೀರಮ್ಮ ಸಂದಿಯೊಳಗಿನ ಸಂದಿಯಲ್ಲಿ ನಾಲ್ಕು ಮಣೆ ಹಾಕಿಕೊಂಡು ಊಟ ಬಡಿಸುತ್ತಿದ್ದ ಮುದುಕಿ. ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿಗೆ ಒಗ್ಗರಣೆ ಹಾಕಿದ ಪಲ್ಯ, ಅಷ್ಟೇ. ಅವಳ ಸಾರಿನ ಮಡಕೆಗೆ ಮಾತು ಬರುತ್ತಿತ್ತು. ಅದಕ್ಕೆ ಯಾರೂ ಬೆರಗಾಗುತ್ತಿರಲಿಲ್ಲ. ಅಷ್ಟು ವರ್ಷ ಕುದಿದ ಮೇಲೆ ಯಾರಿಗಾದರೂ ನಾಲ್ಕು ಮಾತು ಬಂದೇ ಬರುತ್ತದೆ. ಕರಿಗಿರಯ್ಯ ದಿನಾ ಮಧ್ಯಾಹ್ನ ಅಲ್ಲಿ ಉಣ್ಣುತ್ತಿದ್ದ. ಆ ಜಾಗವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹೇಳಲು ಇಲ್ಲದೆ ಅವನು ಒಂದು ಸಂಜೆ ಆಚೆ ಮುಖ ಮಾಡಿ ಕೂತ. ಮರುದಿನವೂ ಕೂತ. ಬೆನ್ನ ಹಿಂದೆ ನಗು ಕೇಳಿಸುತ್ತಿತ್ತು, ಚಪ್ಪರಿಸುವುದು ಕೇಳಿಸುತ್ತಿತ್ತು. ಎದುರಿಗೆ ಬರೀ ಬಯಲು. ಕೆಲವು ದಿನ ಹೀಗೇ ಕಳೆದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಉಣ್ಣುವಾಗ ದೇವೀರಮ್ಮನನ್ನೇ ಕೇಳಿದ, ನಿನ್ನ ಮನೆಯ ವಿಷಯ ನನ್ನ ಸ್ನೇಹಿತರಿಗೆ ಹೇಳಲಾ ಅಂತ.

"ಬೇಡ ಕಣೋ ಗಿರಯ್ಯ," ಅಂದಳು ದೇವೀರಮ್ಮ. "ಉಣ್ಣೋರ ಮುಖ ನೋಡ್ಕೊಂಡು ಬಡಿಸೋಳು ನಾನು. ಜಾಸ್ತಿ ಜನ ಬಂದ್ರೆ ಯಾರ ಮುಖ ಅಂತ ನೋಡ್ಲಿ?"

ಮಡಕೆಯೂ ಒಳಗಿನಿಂದ, ನನ್ನ ಹೊಟ್ಟೆ ಸಣ್ಣದು, ಬೇಡ ಅಂದಿತು.

ಕರಿಗಿರಯ್ಯ ತಲೆಯಾಡಿಸಿ ಹೋದ. ಸಂಜೆ ಕಟ್ಟೆಗೆ ಬಂದ. ಬಯಲಿನ ಕಡೆ ಮುಖ ಮಾಡಿ ಕೂರುವುದಕ್ಕೆ ಹೋದವನು ತಿರುಗಿಬಿಟ್ಟ. ಎಲ್ಲವನ್ನೂ ಹೇಳಿದ. ಬೆಳ್ಳುಳ್ಳಿ ಸುಟ್ಟು ಅರೆಯುವುದನ್ನು ಹೇಳಿದ, ಮುದ್ದೆ ಮುರಿದರೆ ಏಳುವ ಹಬೆಯನ್ನು ಹೇಳಿದ, ಸಾರು ಗಂಟಲಲ್ಲಿ ಇಳಿಯುವಾಗ ತೀರಿಹೋದ ತಾಯಿ ಬೆನ್ನು ಸವರಿದಂತಾಗುವುದನ್ನೂ ಹೇಳಿದ. ಬಳಗದ ಹಿರಿಯ, ತೂಕದಲ್ಲೂ ಎಲ್ಲರಿಗಿಂತ ಹಿರಿಯನಾದ ಹೊಂಬಯ್ಯ, ಬಂದು ಅವನ ಕೈ ಹಿಡಿದುಕೊಂಡು ಅತ್ತ. ಆ ಸಂಜೆ ಎಲ್ಲರೂ ಕರಿಗಿರಯ್ಯನ ಜೊತೆಯೇ ಮಾತಾಡಿದರು. ಜೊಲ್ಲೂರಿನಲ್ಲಿ ಅವನಷ್ಟು ಸುಖಿ ಯಾರೂ ಇರಲಿಲ್ಲ.

ಮರುದಿನ ಅವನು ಊಟಕ್ಕೆ ಹೋದರೆ ಸಂದಿಯ ತುಂಬ ಸಾಲು. ಎಲ್ಲರಿಗಿಂತ ಮುಂದೆ ಹೊಂಬಯ್ಯ. ಈ ಜಾಗ ಹೇಳಿದವನೇ ನಾನು, ನನ್ನನ್ನು ಬಿಡಿ ಅಂದ ಕರಿಗಿರಯ್ಯ. ಹಾಗಾದರೆ ಇದು ಕಾಯಲು ಯೋಗ್ಯವಾದ ಊಟ ಅಂತ ನಿನಗೇ ಚೆನ್ನಾಗಿ ಗೊತ್ತು, ಹಿಂದೆ ಹೋಗಿ ನಿಂತುಕೋ ಅಂದ ಹೊಂಬಯ್ಯ. ಕರಿಗಿರಯ್ಯ ಹಿಂದೆ ಹೋಗಿ ನಿಂತ. ಅವನ ಸರದಿ ಬರುವ ಮೊದಲೇ ಮಡಕೆ ಬರಿದಾಗಿತ್ತು.

ಆಮೇಲೆ ಆದದ್ದು ಕೇಳಿ. ಉಂಡವರು ಹೊರಗೆ ಬಂದು ಕೈ ಒರೆಸಿಕೊಂಡು, ಇಂಥದ್ದನ್ನು ಇನ್ನೊಂದು ಸಲ ಉಣ್ಣಬೇಕು ಅಂತ ಸಾಲಿನ ಕೊನೆಗೆ ಹೋಗಿ ನಿಂತರು. ಹಾಗಾಗಿ ಸಾಲು ಬೆಳೆಯಿತೇ ಹೊರತು ಕರಗಲಿಲ್ಲ. ಕುಂಬಾರಗೇರಿಯ ದೋಸೆಯವಳು, ನನ್ನ ಗಿರಾಕಿಗಳೆಲ್ಲ ಎಲ್ಲಿ ಹೋದರು ಅಂತ ನೋಡಲು ಬಂದು, ತಾನೂ ನಿಂತಳು. ಭಟ್ಟರು ಹೋಟೆಲಿಗೆ ಬೀಗ ಹಾಕಿ ಹೊಳೆ ದಾಟಿ ಬಂದು ನಿಂತರು. ಸಾಬರು ಕಾಲು ಸಾರನ್ನು ಒಲೆಯ ಮೇಲೇ ಬಿಟ್ಟು ಬಂದು ನಿಂತರು. ಊರಿನಲ್ಲಿ ಬೇರೆಲ್ಲೂ ಒಲೆ ಉರಿಯದಂತಾಯಿತು. ಬೇರೆಲ್ಲೂ ಒಲೆ ಉರಿಯದ ಮೇಲೆ, ಉಳಿದವರೂ ಬಂದು ನಿಂತರು.

ಸಾಲು ಸಂದಿಯಿಂದ ಹೊರಟು ಕುಂಬಾರಗೇರಿಗೆ ಹೋಯಿತು. ಹೊಳೆಯ ದಂಡೆ ಹಿಡಿಯಿತು. ಸಂತೆಮಾಳ ಸುತ್ತಿತು. ಸುತ್ತಿ ಸುತ್ತಿ, ಸಂದಿಯ ಇನ್ನೊಂದು ತುದಿಯಿಂದ ಒಳಗೆ ಬಂದು, ದೇವೀರಮ್ಮನ ಬಾಗಿಲ ಹತ್ತಿರವೇ ಮುಗಿಯಿತು.

ಆ ರಾಜ್ಯಕ್ಕೆ ಚಪ್ಪರಿಕೆಮಲ್ಲ ಅಂತ ಅರಸ. ಬೇರೆ ಅರಸರಿಗೆ ಗಡಿಯ ಚಿಂತೆ, ಆನೆ ಕುದುರೆಯ ಚಿಂತೆ. ಇವನಿಗೆ ಇದ್ದದ್ದು ಒಂದೇ ಚಿಂತೆ. ಇನ್ನೊಬ್ಬರು ಹೊಗಳದ ಅನ್ನ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಗಳುವವರೆಲ್ಲ ಸಾಲಿಗೆ ಹೋಗಿ ನಿಂತಮೇಲೆ ಅರಮನೆಯಲ್ಲಿ ಹೊಗಳಲು ಯಾರೂ ಉಳಿಯಲಿಲ್ಲ. ಅರಸ ಹಸಿದುಕೊಂಡೇ ಬಂದ.

ನೇರ ಒಳಗೆ ಹೋಗಿ ಬುದ್ಧಿ, ಯಾರು ತಡೆಯುತ್ತಾರೆ ಅಂದ ಮಂತ್ರಿ. ಅರಸ ಒಪ್ಪಲಿಲ್ಲ. ಇವರೆಲ್ಲ ಹೊಗಳಿದ್ದು ಕಾದು ಉಂಡ ಬಸ್ಸಾರನ್ನು, ಕಾಯದೆ ಉಂಡರೆ ಅದು ಬೇರೆ ಬಸ್ಸಾರು, ಅದನ್ನು ಯಾರೂ ಹೊಗಳಿಲ್ಲ ಅಂದ. ಸಾಲಿನ ಕೊನೆ ಎಲ್ಲಿ ಅಂತ ಹುಡುಕಿದ. ಕೊನೆ ಬಾಗಿಲ ಹತ್ತಿರವೇ ಇತ್ತು. ಅರಸ ಅಲ್ಲಿ ಹೋಗಿ ನಿಂತ. ಅವನ ಬೆನ್ನ ಹಿಂದೆ, ಊರೆಲ್ಲ ಸುತ್ತಿ ಮತ್ತೆ ಸಾಲಿನ ಮೊದಲಿಗನಾದ ಹೊಂಬಯ್ಯ ನಿಂತಿದ್ದ.

ಆ ಹೊತ್ತಿಗೆ ದೇವೀರಮ್ಮ ಬಾಗಿಲು ತೆರೆದು, ಮುದ್ದೆ ಆಗಿದೆ, ಒಳಗೆ ಬನ್ನಿ ಅಂತ ಕರೆದಳು.

ಹೊಂಬಯ್ಯ ಅಲುಗಲಿಲ್ಲ. ಅರಸರನ್ನು ದಾಟಿ ಮುಂದೆ ಹೋಗುವುದಾದರೂ ಹೇಗೆ? ಅರಸನೂ ಅಲುಗಲಿಲ್ಲ. ನಾನು ಎಲ್ಲರಿಗಿಂತ ಕೊನೆಗೆ ಬಂದವನು, ಕೊನೆಯವನು ಮೊದಲು ಹೋಗುವುದುಂಟೇ ಅಂದ. ದೇವೀರಮ್ಮ ಇನ್ನೊಮ್ಮೆ ಕರೆದಳು. ಎಲ್ಲರೂ ತಮ್ಮ ಮುಂದಿರುವ ಬೆನ್ನನ್ನೇ ನೋಡಿದರು. ಎಲ್ಲರ ಮುಂದೆಯೂ ಒಂದು ಬೆನ್ನು ಇತ್ತು.

ಆವತ್ತಿನಿಂದ ಯಾರೂ ಒಳಗೆ ಹೋಗಲಿಲ್ಲ.

ಅರಸ ಯೋಚನೆ ಮಾಡಿ ಒಂದು ಡಂಗುರ ಸಾರಿಸಿದ. ಯಾರಾದರೂ ನನ್ನ ಹಿಂದೆ ಬಂದು ಕೊನೆಯವನಾಗಲು ಒಪ್ಪಿದರೆ, ಆಗ ನಾನು ಕೊನೆಯವನಾಗಿ ಉಳಿಯುವುದಿಲ್ಲ, ಅವನಿಗೆ ಅರ್ಧ ರಾಜ್ಯ. ನಾನು ಆಗಲೇ ನಿಮ್ಮ ಹಿಂದೆ ಇದ್ದೇನಲ್ಲ ಬುದ್ಧಿ ಅಂದ ಹೊಂಬಯ್ಯ. ನೀನು ಮೊದಲಿಗ ಅಂದ ಅರಸ. ಹಾಗಾದರೆ ನೀನೇ ಕೊನೆಯವನಾಗಿಬಿಡು ಅಂತ ಅರಸ ಕೇಳಿದರೆ, ಇಷ್ಟು ದಿನ ಕಾದು ಮೊದಲಿಗನಾದವನು ಕೊನೆಯವನಾಗುವುದಿಲ್ಲ ಅಂದ ಹೊಂಬಯ್ಯ. ಉಳಿದವರನ್ನು ಕೇಳಿದರು. ಅರ್ಧ ರಾಜ್ಯ ಎಲ್ಲರಿಗೂ ಬೇಕಿತ್ತು. ಆದರೆ ರಾಜ್ಯ ಇಟ್ಟುಕೊಂಡಿರುವವನೇ ಇಲ್ಲಿ ಬಂದು ಬಸ್ಸಾರಿಗೆ ಕಾಯುತ್ತಿದ್ದಾನೆ, ರಾಜ್ಯ ತೆಗೆದುಕೊಂಡು ಮಾಡುವುದೇನು ಅಂತ ಯಾರೂ ಜಾಗ ಬಿಡಲಿಲ್ಲ.

ದೇವೀರಮ್ಮ ಮುದ್ದೆಯನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಗೇ ತಂದಳು. ನಿಂತಲ್ಲೇ ಉಣ್ಣಿ ಅಂತ ಬೇಡಿಕೊಂಡಳು. ಯಾರೂ ಮುಟ್ಟಲಿಲ್ಲ. ಹೊರಗೆ ಉಂಡರೆ ಸರದಿ ಮುಗಿದುಹೋದೀತು ಅಂತ ಅವರ ಭಯ. ಅರಸ ಮಾತ್ರ ಕೈ ಚಾಚಿದವನು, ಅರ್ಧಕ್ಕೆ ಹಿಂದೆ ತೆಗೆದುಕೊಂಡು, ಆ ಕೈಯಿಂದಲೇ ಕಣ್ಣು ಒರೆಸಿಕೊಂಡ.

ಬೆಳಗ್ಗೆ ಅವಳು ಒಲೆ ಹಚ್ಚುವಳು, ಮಧ್ಯಾಹ್ನ ಕರೆಯುವಳು, ಸಂಜೆ ಉಳಿದ ಮುದ್ದೆಯನ್ನು ನಾಯಿಗಳಿಗೆ ಹಾಕಲು ಹೋಗುವಳು. ನಾಯಿಗಳೂ ಸಾಲಿನಲ್ಲಿದ್ದವು. ಮಡಕೆ ದಿನಾ, ಯಾರಾದರೂ ಬಂದರಾ ಅಂತ ಕೇಳುತ್ತಿತ್ತು. ಇಲ್ಲ ಅಂತ ಹೇಳಲು ಮನಸ್ಸಾಗದೆ ದೇವೀರಮ್ಮ, ಬರ್ತಾ ಇದ್ದಾರೆ ಕಣೇ ಅನ್ನುತ್ತಿದ್ದಳು. ಬಡಿಸಿದ ಮೇಲೆ ಉಣ್ಣುವ ಅಭ್ಯಾಸ ಅವಳದು. ಬಡಿಸಿಕೊಳ್ಳುವವರಿಲ್ಲದೆ ಅವಳೂ ಉಣ್ಣಲಿಲ್ಲ.

ಸಾಲಿನಲ್ಲಿ ನಿಂತವರು ಹೊಟ್ಟೆಯ ಸಂಕಟ ಮರೆಯಲು ಊಟದ ಮಾತನ್ನೇ ಆಡುತ್ತಿದ್ದರು. ಮುಂದಿನವನು ಹಿಂದಿನವನಿಗೆ ಕಜ್ಜಾಯ ಹೇಳಿದರೆ, ಹಿಂದಿನವನು ಅವನ ಹಿಂದಿನವನಿಗೆ ಕೋಳಿ ಸಾರು ಹೇಳುವನು. ಮಾತು ಊರು ಸುತ್ತಿ ಮರುದಿನ ವಾಪಸು ಬರುತ್ತಿತ್ತು. ಹಾಗೆ ಹೇಳುತ್ತ ಹೇಳುತ್ತ ಮುದುಕರು ನಿಂತಲ್ಲೇ ತೀರಿಕೊಂಡರು. ಅವರ ಜಾಗವನ್ನು ಮಕ್ಕಳು ಹಿಡಿದುಕೊಂಡರು. ಹೊಂಬಯ್ಯ ಕರಗಿ ಕರಗಿ, ಅವನ ಅಂಗಿಯೇ ಅವನನ್ನು ಎತ್ತಿಕೊಂಡು ನಿಂತ ಹಾಗೆ ಕಾಣುತ್ತಿದ್ದ.

ಮೊದಲ ದಿನ ಹಸಿದು ಹೋಗಿ ಮರುದಿನ ಮತ್ತೆ ಬಂದು ನಿಂತ ಕರಿಗಿರಯ್ಯ ಹೊಳೆಯ ದಂಡೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಅವನ ಹಿಂದೆ ನಿಂತಿದ್ದ ಮುದುಕಿ ಒಂದು ದಿನ, ಆ ಬಸ್ಸಾರು ಹೇಗಿರುತ್ತೆ ಇನ್ನೊಂದು ಸಲ ಹೇಳಪ್ಪ ಅಂತ ಕೇಳಿದಳು. ಅವನು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಚ್ಚಿದ ಕಣ್ಣು ತೆರೆಯಲಿಲ್ಲ. ಅವನು ಸಾಲು ಬಿಟ್ಟು ಹೊರಬಿದ್ದು ಓಡಿದ.

ಓಡುತ್ತ, ನಾನು ಹೇಳಿದ್ದೆಲ್ಲ ಸುಳ್ಳು, ಆ ಸಾರು ಬರೀ ನೀರು, ಮನೆಗೆ ಹೋಗಿ ಗಂಜಿ ಕಾಯಿಸಿಕೊಳ್ಳಿ ಅಂತ ಎಲ್ಲರಿಗೂ ಹೇಳಿದ. ಇವನೊಬ್ಬನೇ ಉಣ್ಣಲು ಹವಣಿಸುತ್ತಿದ್ದಾನೆ ಅಂತ ಅವರು ಇನ್ನೂ ಒತ್ತಾಗಿ ನಿಂತರು. ಬೆಟ್ಟದಾಚೆ ಇದಕ್ಕಿಂತ ಒಳ್ಳೆಯ ಊಟದ ಮನೆ ಇದೆ ಅಂದ. ಇಲ್ಲಿ ಉಂಡು ಅಲ್ಲಿಗೂ ಹೋಗುತ್ತೇವೆ, ದಾರಿ ಹೇಳಿರು ಅಂದರು. ಹೊಂಬಯ್ಯನ ಕಾಲು ಹಿಡಿದುಕೊಂಡ. ಹೊಂಬಯ್ಯ ಮೆಲ್ಲಗೆ ಅವನ ತಲೆ ಸವರಿ ಹೇಳಿದ.

"ನೀನು ಆವತ್ತು ಹೇಳಿದ್ಯಲ್ಲ ಗಿರಯ್ಯ, ಅಷ್ಟು ಚೆನ್ನಾಗಿ ನಂಗೆ ಯಾರೂ ಏನೂ ಹೇಳಿರ್ಲಿಲ್ಲ. ಈಗ ಹಿಂಗನ್ನಬೇಡ."

ಕರಿಗಿರಯ್ಯ ಹಿತ್ತಿಲ ಗೋಡೆ ಹಾರಿ, ಬಚ್ಚಲ ಕಡೆಯಿಂದ ಅಡುಗೆಮನೆಗೆ ನುಗ್ಗಿದ. ದೇವೀರಮ್ಮ ಒಲೆಯ ಮುಂದೆ ಕೂತಿದ್ದಳು. ಅವನನ್ನು ಬೈಯಲಿಲ್ಲ. ಮಣೆ ಹಾಕಿದಳು, ತಟ್ಟೆ ಇಟ್ಟಳು, ಮುದ್ದೆ ಹಾಕಿ ಸಾರು ಬಿಟ್ಟಳು. ಬಂದರಾ ಅಂತ ಮಡಕೆ ಕೇಳಿತು. ಬಂದ ಅಂದಳು ಅವಳು.

ಅವನು ಮುದ್ದೆ ಮುರಿದು ಅದ್ದಿ ನುಂಗಿದ. ಅದೇ ಸುಟ್ಟ ಬೆಳ್ಳುಳ್ಳಿ, ಅದೇ ಹುರುಳಿ. ಬೆನ್ನು ಸವರುವ ಅದೇ ಕೈ. ಅವನಿಗೆ ಅಳು ಬಂತು. ದೇವೀರಮ್ಮ ಬಾಗಿಲಿಗೆ ಒರಗಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಹೇಗಿದೆ ಅಂತ ಕೇಳಿದಳು.

ಚೆನ್ನಾಗಿದೆ ಅನ್ನುವ ಮಾತು ಅವನ ನಾಲಗೆಯ ತುದಿಗೆ ಬಂತು. ಆದರೆ ಗೋಡೆಯಾಚೆ ಇಡೀ ಸಾಲು ಕಿವಿ ನಿಮಿರಿಸಿಕೊಂಡು ನಿಂತಿತ್ತು. ಆ ಒಂದು ಮಾತು ಅವರ ಕಿವಿಗೆ ಬಿದ್ದರೆ ಇನ್ನು ಯಾರೂ ಯಾವ ಕಾಲಕ್ಕೂ ಕದಲುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅವನು ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದ.

ಅವಳು ಕಾದಳು. ತಟ್ಟೆಯೊಳಗೆ ಅವನ ಕಣ್ಣೀರು ಬೀಳುತ್ತಿತ್ತು.

"ರುಚಿ ಕೆಟ್ಟೋಗಿದೆ ಅಲ್ವಾ," ಅಂದಳು ದೇವೀರಮ್ಮ. "ಅದಕ್ಕೇ ಯಾರೂ ಒಳಗೆ ಬರ್ತಿಲ್ಲ. ನಂಗೆ ಗೊತ್ತಾಗ್ಲೇ ಇಲ್ಲ ನೋಡು."

ಅವನು ತಲೆ ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ಅಂತ ತಿಳಿಯುವಷ್ಟು ಹೊತ್ತು ಅವಳು ನಿಲ್ಲಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು. ಒಲೆಯ ಸೌದೆ ಹಿಂದಕ್ಕೆ ಎಳೆದಳು. ಹಸಿದು ಹಸಿದು ಅವಳಿಗೂ ಕಣ್ಣು ಕತ್ತಲಿಡುತ್ತಿತ್ತು. ಬಾಗಿಲು ದಾಟಿ ಹೊರಗೆ ಬಂದು ಆ ಜನಸಾಗರವನ್ನು ನೋಡಿದಳು. ಇಷ್ಟೊಂದು ಜನ ಪ್ರಾಣ ಬಿಟ್ಟುಕೊಂಡು ಕಾಯುತ್ತಿದ್ದಾರೆ ಅಂದರೆ, ಬೇರೆ ಎಲ್ಲೋ ಬಹಳ ಒಳ್ಳೆಯ ಊಟ ಸಿಗುತ್ತಿರಬೇಕು ಅನ್ನಿಸಿತು ಅವಳಿಗೆ. ಕೊನೆ ಎಲ್ಲಿ ಅಂತ ಕೇಳಿದಳು. ಅಷ್ಟು ಹೊತ್ತಿಗೆ ಯಾರಿಗೂ ಅದು ನೆನಪಿರಲಿಲ್ಲ, ಅರಸನಿಗೆ ತನ್ನ ಡಂಗುರವೂ ನೆನಪಿರಲಿಲ್ಲ. ಕೊನೆಗೆ ಅರಸನೂ ಹೊಂಬಯ್ಯನೂ ಮುದುಕಿ ಪಾಪ ಅಂತ ಸ್ವಲ್ಪ ಸರಿದು ತಮ್ಮಿಬ್ಬರ ನಡುವೆ ಜಾಗ ಮಾಡಿಕೊಟ್ಟರು.

ಕರಿಗಿರಯ್ಯ ಓಡಿ ಬಂದ. ಈಗ ಅವನು ತಡೆಯಲಿಲ್ಲ. ಚೆನ್ನಾಗಿದೆ ಕಣವ್ವಾ, ನಿನ್ನ ಸಾರು ಚೆನ್ನಾಗಿದೆ, ಒಳಗೆ ಬಾ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿದ. ಸಾಲಿನ ತುಂಬ ಸಂತೋಷದ ಗುಜುಗುಜು ಎದ್ದಿತು. ಜನ ಇನ್ನಷ್ಟು ಒತ್ತಾಗಿ ನಿಂತರು. ದೇವೀರಮ್ಮನೂ ಒತ್ತಾಗಿ ನಿಂತಳು. ಅವನ ಕಡೆ ತಿರುಗಿ, ಹಾಗಾದರೆ ಕಾಯೋಣ ಕಣಪ್ಪ ಅಂದಳು.

ಅಡುಗೆ ಮಾಡುವವಳು ಸಾಲಿನಲ್ಲಿ, ಉಣ್ಣುವವರು ಸಾಲಿನಲ್ಲಿ. ಕರಿಗಿರಯ್ಯ ಒಳಗೆ ಹೋಗಿ ಒಲೆ ಹಚ್ಚಲು ನೋಡಿದ. ತಿನ್ನುವುದು, ಹೇಳುವುದು, ಈ ಎರಡು ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಹೊಗೆ ಬಂತು, ಬೆಂಕಿ ಬರಲಿಲ್ಲ.

ಇದರ ನೀತಿ ಏನು ಅಂತ ಕೇಳುತ್ತೀರಿ. ನೀತಿ ಬಹಳ ಚೆನ್ನಾಗಿದೆಯಂತೆ, ಕಂಡವರು ಹೇಳಿದರು. ಆದರೆ ಅದಕ್ಕೂ ಸಾಲು ದೊಡ್ಡದು. ಅವರು ಅಲ್ಲಿ ನಿಂತೇ ಇದ್ದಾರೆ, ನಾವು ಇಲ್ಲಿ ಕೂತಿದ್ದೇವೆ. ಏಳಿ, ತಟ್ಟೆ ತನ್ನಿ, ಇರುವುದನ್ನು ಬಿಸಿಯಿರುವಾಗಲೇ ಉಣ್ಣೋಣ.